ಬಿಸಿಯಾಗದ ಗಾಡಿ

ಬುದ್ಧಿವಂತರ ಕತೆ ಬೇಕಾದವರು ಈಗಲೇ ಎದ್ದು ಹೋಗಬಹುದು, ನನ್ನದೇನೂ ಬಲವಂತವಿಲ್ಲ. ಬುದ್ಧಿವಂತರು ಹೇಳಿದ್ದರಲ್ಲಿ ಅರ್ಧ ಕೇಳಿಸಿಕೊಳ್ಳುತ್ತಾರೆ, ಇನ್ನರ್ಧ ತಮಗೆ ತೋಚಿದಂತೆ ಮಾಡುತ್ತಾರೆ. ಅಂಥವರಿಂದ ಕತೆಗಾರನಿಗೆ ಏನು ಲಾಭ? ಇದು ಹೇಳಿದ್ದನ್ನು ಹೇಳಿದಂತೆಯೇ ಮಾಡುತ್ತಿದ್ದ ಮಾಯಿಗನ ಕತೆ. ಅವನನ್ನು ಹೆತ್ತು, ಸಾಕಿ, ಬೈದು ಬೈದು ನಾಲಿಗೆ ಸವೆಸಿಕೊಂಡ ಚೆನ್ನಾಜಮ್ಮನ ಕತೆಯೂ ಹೌದು.

ಕಾವೇರಿಯ ಈಚೆ ದಡದಲ್ಲಿ ಮಡವಿನಕೊಪ್ಪಲು, ಆಚೆ ದಡದಲ್ಲಿ ಹುಣಸೆಪಾಳ್ಯ. ನಡುವೆ ಮರಳು, ಮರಳಿನ ನಡುವೆ ನೀರು. ಚೆನ್ನಾಜಮ್ಮ ಈಚೆ, ಅವಳ ತಂಗಿ ಹೊನ್ನಿ ಆಚೆ. ಬೆಳಿಗ್ಗೆ ಎದ್ದರೆ ಬಾಗಿಲಿಗೆ ನೀರು ಹಾಕುವ ಮೊದಲೇ ಚೆನ್ನಾಜಮ್ಮ ದಡಕ್ಕೆ ಹೋಗಿ ನಿಲ್ಲುತ್ತಿದ್ದಳು. ಆಚೆ ದಡದ ಹೆಂಚಿನ ಮನೆಯಿಂದ ಹೊಗೆ ಎದ್ದರೆ ತಂಗಿ ಎದ್ದಳು, ಒಲೆ ಹಚ್ಚಿದಳು ಅಂತ ಸಮಾಧಾನ. ಹೊಗೆ ತಡವಾದ ದಿನ ಇವಳಿಗೆ ರೊಟ್ಟಿ ತಟ್ಟಲು ಕೈಯೇ ಬರುತ್ತಿರಲಿಲ್ಲ.

ಗಂಡ ಕಾಳಯ್ಯ ಇದ್ದಾಗ ಈ ಪಾಡಿರಲಿಲ್ಲ. ಅವನು ಅಂಬಿಗ. ಮನಸ್ಸಾದಾಗ ಹರಿಗೋಲಿನಲ್ಲಿ ಹೆಂಡತಿಯನ್ನು ಕೂರಿಸಿಕೊಂಡು ಆಚೆ ಬಿಟ್ಟು ಬರುತ್ತಿದ್ದ. ಅಕ್ಕ ತಂಗಿ ಜಗಲಿಯ ಮೇಲೆ ಕೂತು ಒಬ್ಬರ ತಲೆ ಒಬ್ಬರು ಬಾಚುತ್ತ ಸಂಜೆ ಮಾಡುತ್ತಿದ್ದರು. ಕಾಳಯ್ಯ ಹೋದ ಮೇಲೆ ಹರಿಗೋಲೂ ಕೊಳೆತು ಹೋಯಿತು. ಸೇತುವೆ ಸುತ್ತಿ ಹೋಗೋಣವೆಂದರೆ ಬಸ್ಸಿಳಿದ ಮೇಲೆ ಹೊಲಗಳ ನಡುವೆ ನಡೆದೇ ಹೋಗಬೇಕು, ಚೆನ್ನಾಜಮ್ಮನ ಮಂಡಿಗಳು ಮನೆಯಿಂದ ದಡಕ್ಕೆ ಹೋಗುವುದಕ್ಕೇ ನೂರು ನೆಪ ಹೇಳುತ್ತಿದ್ದವು. ಹೊನ್ನಿ ತಾನೇ ಬರೋಣವೆಂದರೆ ಲಕ್ವ ಹೊಡೆದು ಮಲಗಿದ ಗಂಡನನ್ನು ಬಿಟ್ಟು ಹೊರಡುವ ಹಾಗಿಲ್ಲ. ಫೋನು ಇತ್ತು, ಆದರೆ ಹೊನ್ನಿಗೆ ಕಿವಿ ದೂರ. ಎದುರಿಗೆ ಕೂತರೆ ತುಟಿ ನೋಡಿ ಎಲ್ಲ ತಿಳಿದುಕೊಳ್ಳುತ್ತಾಳೆ, ಫೋನಿನಲ್ಲಿ ತುಟಿ ಎಲ್ಲಿ ಕಾಣುತ್ತದೆ? ಹೀಗೆ ತಂಗಿಯ ಮುಖ ನೋಡದೆ ವರ್ಷಗಳೇ ಕಳೆದಿದ್ದವು. ಹೊಗೆ ನೋಡುವುದೇ ತಂಗಿಯನ್ನು ನೋಡಿದ ಲೆಕ್ಕವಾಗಿತ್ತು.

ಕಾಳಯ್ಯ ಸಾಯುವ ಮುಂಚೆ ಒಂದು ಕೆಲಸ ಮಾಡಿದ್ದ. ಮರಳಿನ ಮೇಲೆ ಪೇಟೆಯವರನ್ನು ಸುತ್ತಾಡಿಸಲು ರೆಸಾರ್ಟಿನವರು ತಂದಿದ್ದ ನಾಲ್ಕು ಚಕ್ರದ ಬೈಕುಗಳಲ್ಲಿ ಹಳೆಯದೊಂದನ್ನು ಕೊಂಡಿದ್ದ. ರೆಸಾರ್ಟಿನವರು ಎಟಿವಿ ಅನ್ನುತ್ತಿದ್ದರು, ಊರವರು ಕೆಂಪು ಗಾಡಿ ಅಂದರು. ಮಾಯಿಗ ಮೀಸೆ ಬಂದ ಗಂಡಸು, ಜೀವನದಲ್ಲಿ ಅವನಿಗೆ ಸರಿಯಾಗಿ ಬಂದ ವಿದ್ಯೆ ಅಂದರೆ ಆ ಗಾಡಿ ಓಡಿಸುವುದೊಂದೇ. ಆದರೆ ಗಾಡಿಗೂ ಒಂದು ರೋಗ. ದಪ್ಪ ಮರಳಿಗೆ ಇಳಿದರೆ ಇಂಜಿನ್ನು ಕಾದು ಕೆಂಡವಾಗಿ ಅರ್ಧ ದಾರಿಯಲ್ಲೇ ನಿಂತುಬಿಡುತ್ತಿತ್ತು.

ಬೇಸಿಗೆಯ ಕೊನೆಗೆ ಹೊಳೆ ಬತ್ತಿ ಪಾದ ನೆನೆಯುವಷ್ಟು ನೀರು ಉಳಿಯುತ್ತದೆ. ಆಗ ಗಾಡಿಯಲ್ಲಿ ನೇರ ಹೊನ್ನಿಯ ಬಾಗಿಲಿಗೇ ಹೋಗಬಹುದು. ಕಟ್ಟೆಯಿಂದ ನೀರು ಬಿಟ್ಟರೆ ಮುಗಿಯಿತು, ಮತ್ತೆ ಮುಂದಿನ ಬೇಸಿಗೆ. ಈ ಸಲ ಹೇಗಾದರೂ ಹೋಗಲೇಬೇಕು ಅಂತ ಚೆನ್ನಾಜಮ್ಮ ಹಟ ಹಿಡಿದಳು. ಮುಂದಿನ ಬೇಸಿಗೆಗೆ ಇಬ್ಬರಲ್ಲಿ ಯಾರು ಇರುತ್ತೇವೋ ಅನ್ನುವುದು ಅವಳ ಎದೆಯೊಳಗಿನ ಭಯ, ಅದನ್ನು ಬಾಯಿಬಿಟ್ಟು ಯಾರಿಗೂ ಹೇಳಿರಲಿಲ್ಲ.

ಪೇಟೆ ರಸ್ತೆಯ ಮೆಕ್ಯಾನಿಕ್ ಇನಾಯತ್ ಬಂದು ಗಾಡಿ ನೋಡಿದ. ಇಂಜಿನ್ನಿನ ಆಯಿಲ್ ಕಾಯುತ್ತಿದೆ, ಇದಕ್ಕೆ ಹೊರಗಿನಿಂದ ಒಂದು ಆಯಿಲ್ ಕೂಲರ್ ಹಾಕಬೇಕು ಅಂದ. ಕಾದ ಆಯಿಲ್ ಒಂದು ಮೂತಿಯಿಂದ ಅದರೊಳಕ್ಕೆ ಹೋಗಿ, ಗಾಳಿಗೆ ಆರಿ, ಇನ್ನೊಂದು ಮೂತಿಯಿಂದ ಇಂಜಿನ್ನಿಗೆ ವಾಪಸು ಬರುತ್ತದಂತೆ. ಪೇಟೆಯಲ್ಲಿ ಬೇಕಾದಷ್ಟು ಥರ ಸಿಗುತ್ತವೆ, ಒಳ್ಳೆಯದು ನೋಡಿ ಆರಿಸಿ ತರಬೇಕು ಅಂತ ಹೇಳಿ ಹೋದ.

ಒಳ್ಳೆಯದು ಆರಿಸುವುದು ಹೇಗೆ ಅಂತ ಮಾಯಿಗನಿಗೆ ಆಗಷ್ಟೇ ಪಾಠವಾಗಿತ್ತು. ಹಿಂದಿನ ಸಂತೆಯಲ್ಲಿ ಅವನು ತಂದ ಬೆಂಡೆಕಾಯಿ ನಾರೋ ನಾರು, ಚೆನ್ನಾಜಮ್ಮ ಚೀಲವನ್ನು ಅವನ ಮುಂದೆಯೇ ಸುರಿದು ಬೈದಿದ್ದಳು.

"ಕೊಟ್ಟಿದ್ದ ತುಂಬ್ಕೊಂಡು ಬರೋದಲ್ಲ ಕಣ್ಲಾ. ತುದಿ ಮುರ್ದು ನೋಡ್ಬೇಕು. ಪಟ್ಟಂತ ಮುರ್ದ್ರೆ ಒಳ್ಳೇದು, ಮುರೀದೆ ಬಗ್ಗಿದ್ರೆ ಬಲ್ತಿರೋದು, ಅಲ್ಲೇ ಬಿಟ್ಟು ಬರ್ಬೇಕು."

ಆಗಲಿ ಕಣವ್ವ ಅಂದಿದ್ದ ಮಾಯಿಗ. ಆಗಲಿ ಅಂದರೆ ಆಯಿತು, ಅವನು ಮಾತಿಗೆ ತಪ್ಪುವವನಲ್ಲ.

ಪೇಟೆಗೆ ಹೋದ. ಅಂಗಡಿಯವನು ಕೂಲರುಗಳನ್ನು ಸಾಲಾಗಿ ಮೇಜಿನ ಮೇಲಿಟ್ಟ. ದೊಡ್ಡದು, ಸಣ್ಣದು, ಉದ್ದದ್ದು, ಗಿಡ್ಡದ್ದು. ಅಂಗಡಿಯವನು ಚೀಟಿ ಬರೆಯಲು ಅತ್ತ ತಿರುಗಿದ, ಇತ್ತ ಮಾಯಿಗ ಒಂದೊಂದರ ಮೂತಿಯನ್ನೂ ಹಿಡಿದು ಮುರಿಯಲು ನೋಡಿದ. ಮೊದಲನೆಯದು ಅಲುಗಲಿಲ್ಲ, ಬಲಿತದ್ದು ಅಂತ ಪಕ್ಕಕ್ಕಿಟ್ಟ. ಎರಡನೆಯದು ಇನ್ನೂ ಗಟ್ಟಿ, ಅದನ್ನೂ ಪಕ್ಕಕ್ಕಿಟ್ಟ. ಮೂಲೆಯಲ್ಲಿದ್ದ ತೆಳ್ಳನೆಯ ಕೂಲರಿನ ಮೂತಿ ಪಟ್ಟಂತ ಮುರಿಯಿತು. ಮಾಯಿಗನ ಮುಖ ಅರಳಿತು, ಇದನ್ನೇ ಕೊಡಿ ಅಂದ. ಅಂಗಡಿಯವನು ಮುರಿದ ಮೂತಿಯನ್ನೂ ಅವನ ಮುಖವನ್ನೂ ನೋಡಿ, ಕಾಗದ ಸುತ್ತಿ ಕೊಟ್ಟ.

ಚೆನ್ನಾಜಮ್ಮ ಕಾಗದ ಬಿಚ್ಚಿದಳು. ಕೂಲರೊಂದು ಕಡೆ, ಮೂತಿಯೊಂದು ಕಡೆ. ಎಳೆಯದೇ ಸಿಕ್ಕಿತು ಅಂತ ಮಗ ಹಲ್ಲು ಕಿರಿಯುತ್ತ ನಿಂತಿದ್ದಾನೆ. ಅವಳು ಹಣೆ ಚಚ್ಚಿಕೊಂಡಳು. ನಿನ್ನ ಹೊಟ್ಟೆ ತಣ್ಣಗಿರಲಿ, ಅದೇನು ಹುಳಿಗೆ ಹಾಕುವುದಾ ಅಂದಳು. ಇನಾಯತ್ ನಕ್ಕು ನಕ್ಕು ಸುಸ್ತಾದ ಮೇಲೆ ಸಾವಧಾನವಾಗಿ ತಿಳಿಸಿದ. ಕೂಲರು ತೀರ ಸಣ್ಣದಾದರೆ ಆಯಿಲ್ ಆರುವುದಿಲ್ಲ, ದೊಡ್ಡದಾದರೆ ಗಾಡಿಯ ಮುಂದೆ ಕೂರುವುದಿಲ್ಲ. ಮುಂದಿನ ಎರಡು ಕಂಬಿಗಳ ನಡುವೆ ಮಾಯಿಗನ ಒಂದು ಗೇಣು ಜಾಗವಿದೆ, ಅಷ್ಟಗಲದ್ದೇ ಬೇಕು. ಮಾಯಿಗನ ಕೈಯನ್ನು ಕಂಬಿಗಳ ನಡುವೆ ಹಿಡಿದು ತೋರಿಸಿ, ಈ ಅಳತೆ ಕಳೆದುಕೊಳ್ಳಬೇಡ ಅಂದ.

ಆಗಲಿ ಅಂದ ಮಾಯಿಗ.

ಹಿಗ್ಗಿಸಿದ ಗೇಣನ್ನು ಹಾಗೇ ಹಿಡಿದುಕೊಂಡು ಹೊರಟ. ಬಸ್ಸಿನಲ್ಲಿ ಕಂಬಿ ಹಿಡಿಯಲಿಲ್ಲ, ಹಿಡಿದರೆ ಅಳತೆ ಹೋಗುತ್ತದಲ್ಲ. ಬ್ರೇಕು ಹಾಕಿದಾಗಲೆಲ್ಲ ಯಾರ ಯಾರದೋ ತೊಡೆಯ ಮೇಲೆ ಕೂತೆದ್ದ. ಟಿಕೆಟನ್ನು ಬಾಯಲ್ಲಿ ಕಚ್ಚಿಕೊಂಡ. ಹೆಬ್ಬೆರಳಿಗೂ ಕಿರುಬೆರಳಿಗೂ ಜೋಮು ಹಿಡಿದರೂ ಬಿಡಲಿಲ್ಲ. ನಗುವವರು ನಗಲಿ, ಕೂಲರು ಮಾತ್ರ ಕೂದಲೆಳೆಯಷ್ಟೂ ಹೆಚ್ಚುಕಮ್ಮಿಯಿಲ್ಲದೆ ಸಿಕ್ಕಿತು. ಚೆನ್ನಾಜಮ್ಮ ಅದನ್ನು ಸೆರಗಿನಿಂದ ಒರೆಸಿ ದೇವರ ಗೂಡಿನ ಕೆಳಗಿಟ್ಟಳು. ಆ ರಾತ್ರಿ ಅವಳು ಅಕ್ಕಿ ನೆನೆಹಾಕಿದಳು. ಹೊನ್ನಿಗೆ ಕಜ್ಜಾಯವೆಂದರೆ ಪ್ರಾಣ.

ಇನಾಯತನಿಗೆ ಮರುದಿನ ಬೇರೆ ಕೆಲಸವಿತ್ತು. ಸಂಜೆಗೆ ಬಂದು ಪೈಪು ಜೋಡಿಸುತ್ತೇನೆ, ಅಷ್ಟರಲ್ಲಿ ಗಾಳಿ ಚೆನ್ನಾಗಿ ಮುಖಕ್ಕೆ ಹೊಡೆಯುವ ಜಾಗ ನೋಡಿ ಕಟ್ಟಿರು ಅಂತ ಮಾಯಿಗನಿಗೆ ಹೇಳಿ ಹೋಗಿದ್ದ.

ಸಂಜೆ ಬಂದು ನೋಡಿದರೆ ಗಾಡಿಯ ಮುಂದೆ ಕೂಲರಿಲ್ಲ. ಊರೆಲ್ಲ ಹುಡುಕಿದರು. ಮಡವಿನಕೊಪ್ಪಲಿನಲ್ಲಿ ಗಾಳಿ ಚೆನ್ನಾಗಿ ಬೀಸುವ ಜಾಗ ಯಾವುದು? ಕಣ. ಊರಿಗೆ ಊರೇ ಭತ್ತ ತೂರುವುದು ಅಲ್ಲಿ. ಮಾಯಿಗ ಕಣದ ನಡುವೆ ಮೇಟಿ ಕಂಬಕ್ಕೆ ಕೂಲರನ್ನು ಹಗ್ಗದಲ್ಲಿ ಬಿಗಿದು, ಗಾಳಿ ತಿರುಗಿದಂತೆಲ್ಲ ಅದರ ಮುಖ ತಿರುಗಿಸುತ್ತ ಕೂತಿದ್ದ. ತೂರಿದ ಭತ್ತದ ಹೊಟ್ಟೆಲ್ಲ ಬಂದು ಅದರ ಸಂದುಗಳಲ್ಲಿ ಮೆತ್ತಿಕೊಂಡಿತ್ತು. ಇನಾಯತ್ ಅದನ್ನು ಬಿಚ್ಚಿ, ಹೊಟ್ಟು ಕೆದಕಿ, ತೊಳೆದು, ಗಾಡಿಯ ಮುಂದೆ ತಾನೇ ಕೂರಿಸಿದ. ಪೈಪು ಸೈಲೆನ್ಸರಿಗೆ ತಾಗದಂತೆ ಕಟ್ಟಿದ. ಗಾಡಿಯನ್ನು ಮರಳಿನ ಮೇಲೆ ಓಡಿಸಿ ನೋಡಿದ, ಬಿಸಿಯಾಗಲಿಲ್ಲ.

ಚೆನ್ನಾಜಮ್ಮನಿಗೆ ಕಣ್ಣು ತುಂಬಿತು. ಸಿಟ್ಟೂ ಇತ್ತು.

"ಹೇಳಿ ಹೇಳಿ ಸಾಕಾಯ್ತು ಕಣ್ಲಾ ಮಾಯಿಗ. ನಿಮ್ಮಪ್ಪ ಹರಿಗೋಲ ಹೆಂಗ್ ನೋಡ್ಕೊತಿದ್ದ, ಮರ್ತೋಯ್ತಾ? ಹಂಗ್ ನೋಡ್ಕೊ ಈ ಗಾಡೀನ. ನಾಳಿದ್ದು ಚಿಕ್ಕವ್ವನ್ ಮನೆಗೆ ಹೋಗ್ಬೇಕು."

ಮಾಯಿಗ ಅಪ್ಪನನ್ನು ಮರೆತಿರಲಿಲ್ಲ. ಈ ಊರಿನಲ್ಲಿ ಕಾಳಯ್ಯನನ್ನು ಅವನಷ್ಟು ನೆನೆಯುವವರು ಇನ್ನೊಬ್ಬರಿರಲಿಲ್ಲ ಅಂತ ನಾನು ಹೇಳಬಲ್ಲೆ. ಅಪ್ಪ ದಿನದ ಕೊನೆಗೆ ಏನು ಮಾಡುತ್ತಿದ್ದ? ಹರಿಗೋಲನ್ನು ದಡಕ್ಕೆಳೆದು, ತಳ ಕೊಳೆಯದಿರಲಿ ಅಂತ ಮರಳಿನ ಮೇಲೆ ಕವುಚಿ ಹಾಕುತ್ತಿದ್ದ. ಕವುಚಿ ಅದರ ಬೆನ್ನನ್ನು ಒಮ್ಮೆ ತಟ್ಟುತ್ತಿದ್ದ. ಮಾಯಿಗ ಗಾಡಿಯನ್ನು ದಡಕ್ಕೆ ತಂದ. ಪಕ್ಕದ ಮನೆಯವರಿಬ್ಬರನ್ನು ಕರೆದ, ಅವರೂ ಯಾಕೆ ಏನು ಅಂತ ಕೇಳಲಿಲ್ಲ, ಕೈ ಹಾಕಿದರು. ಹೀಗೆ ಕೇಳದೆ ಕೈ ಹಾಕುವವರನ್ನು ಮಾತ್ರ ಯಾರೂ ಪೆದ್ದರು ಅನ್ನುವುದಿಲ್ಲ, ನೋಡಿ. ನಾಲ್ಕು ಚಕ್ರ ಮೇಲೆ, ಸೀಟು ಕೆಳಗೆ. ಮಾಯಿಗ ಗಾಡಿಯ ಹೊಟ್ಟೆಯನ್ನು ಒಮ್ಮೆ ತಟ್ಟಿ ಮನೆಗೆ ಬಂದು ಉಂಡು ಮಲಗಿದ.

ಬೆಳಿಗ್ಗೆ ಹೊಗೆ ನೋಡಲು ಹೋದ ಚೆನ್ನಾಜಮ್ಮ ಗಾಡಿಯನ್ನು ನೋಡಿದಳು. ಪೆಟ್ರೋಲೂ ಆಯಿಲ್ಲೂ ಸುರಿದು ಮರಳು ಕಪ್ಪಗಾಗಿತ್ತು. ಅಲ್ಲೇ ಕೂತು, ಆಚೆ ದಡದ ಹೊಗೆಯನ್ನು ನೋಡುತ್ತ, ಹೊನ್ನಿ, ನಾನು ಬರ್ತೀನೋ ಇಲ್ವೋ ಕಣೆ ಅಂತ ಒಬ್ಬಳೇ ಅಂದುಕೊಂಡಳು. ಅಮ್ಮ ಬೈಯದೆ ಕೂತದ್ದನ್ನು ನೋಡಿ ಮಾಯಿಗನಿಗೆ ಹೆದರಿಕೆಯಾಯಿತು. ಅವನೂ ಪಕ್ಕದಲ್ಲಿ ಕೂತ. ಬೈಯವ್ವ, ಬೈಯಿ ಅಂದ.

ಅದೇ ದಿನ ಜೀಪಿನಲ್ಲಿ ಮೈಕು ಕಟ್ಟಿಕೊಂಡು ಬಂದವರು ದಡದುದ್ದಕ್ಕೂ ಸಾರಿ ಹೋದರು. ನಾಳೆ ಕಟ್ಟೆಯಿಂದ ನೀರು ಬಿಡುತ್ತಾರೆ, ಸೈರನ್ ಕೇಳಿದ ಕೂಡಲೇ ಎಲ್ಲರೂ ಹೊಳೆ ಬಿಟ್ಟು ತಮ್ಮ ತಮ್ಮ ಮನೆ ಸೇರಬೇಕು.

ಉಳಿದದ್ದು ಒಂದೇ ದಿನ. ಇನಾಯತ್ ಓಡಿ ಬಂದ. ಗಾಡಿಯನ್ನು ನೆಟ್ಟಗೆ ನಿಲ್ಲಿಸಿ, ತೊಳೆದು, ಹೊಸ ಆಯಿಲ್ ಹಾಕಿ, ಕತ್ತಲಾಗುವಷ್ಟರಲ್ಲಿ ಸರಿಮಾಡಿದ. ಹೋಗುವಾಗ ಮಾಯಿಗನ ಎರಡೂ ಭುಜ ಹಿಡಿದು ಹೇಳಿದ:

"ನೋಡಪ್ಪ, ಗಾಡಿ ಓಡ್ತಾ ಇದ್ರೇನೆ ಕೂಲರಿಗೆ ಗಾಳಿ. ನಿಂತ್ರೆ ಗಾಳಿ ಇಲ್ಲ, ಮತ್ತೆ ಬಿಸಿಯಾಗುತ್ತೆ. ನಾಳೆ ಎಲ್ಲೂ ನಿಲ್ಲಿಸ್ಬೇಡ."

ಚೆನ್ನಾಜಮ್ಮನಿಗೆ ಇನ್ನೊಂದು ಭಯವಿತ್ತು. ಗಾಡಿಯ ಓಟ ಅವಳಿಗೆ ಅಭ್ಯಾಸವಿಲ್ಲ, ನಡುವೆ ಎಲ್ಲಿ ಹೆದರಿ ನಿಲ್ಲಿಸು ಅಂತ ತಾನೇ ಕೂಗಿಬಿಡುತ್ತೇನೋ ಅಂತ. ಅದಕ್ಕೆ ಅವಳು ಮಗನ ಕೈಯನ್ನು ತನ್ನ ತಲೆಯ ಮೇಲಿಟ್ಟು ಆಣೆ ಮಾಡಿಸಿದಳು.

"ನಾನೇ ಕೂಗಿಕೊಂಡ್ರೂ ನಿಲ್ಲಿಸ್ಬ್ಯಾಡ ಕಣಪ್ಪ. ಅತ್ತು ಕರುದ್ರೂ ನಿಲ್ಲಿಸ್ಬ್ಯಾಡ."

"ಆಗ್ಲಿ ಕಣವ್ವ."

ಬೆಳಿಗ್ಗೆ ಚೆನ್ನಾಜಮ್ಮ ತೆಗೆದಿಟ್ಟಿದ್ದ ಸೀರೆ ಉಟ್ಟಳು. ಕಜ್ಜಾಯದ ಡಬ್ಬಿಯನ್ನು ಮಡಿಲಿನಲ್ಲಿ ಕಟ್ಟಿಕೊಂಡಳು, ಬಾಚಣಿಗೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಮಗನ ಬೆನ್ನಿಗೆ ಅಂಟಿ ಕೂತಳು. ಗಾಡಿ ದಪ್ಪ ಮರಳಿಗಿಳಿಯಿತು, ನಿಲ್ಲಲಿಲ್ಲ. ಹಿಂದೆಲ್ಲ ಕೆಟ್ಟು ನಿಲ್ಲುತ್ತಿದ್ದ ಜಾಗ ದಾಟಿತು, ನಿಲ್ಲಲಿಲ್ಲ. ತೆಳ್ಳನೆಯ ನೀರನ್ನು ಸೀಳಿಕೊಂಡು ಹೋಯಿತು. ಹೊಗೆ ದೊಡ್ಡದಾಗುತ್ತ ಬಂತು, ಮನೆ ಕಂಡಿತು, ಜಗಲಿ ಕಂಡಿತು. ಅಂಗಳದಲ್ಲಿ ಹುಣಸೆಹಣ್ಣು ಬಿಡಿಸುತ್ತ ಕೂತಿದ್ದ ಹೊನ್ನಿ ತಲೆಯೆತ್ತಿ ನೋಡಿದಳು. ನೋಡಿ, ಮಡಿಲಿನಲ್ಲಿದ್ದದ್ದೆಲ್ಲ ಚೆಲ್ಲಿಕೊಂಡು ಎದ್ದು ನಿಂತಳು.

ಗಾಡಿ ಅವಳ ಮುಂದೆಯೇ ಹಾದು ಹೋಯಿತು.

ನಿಲ್ಲಿಸೋ ಅಂತ ಚೆನ್ನಾಜಮ್ಮ ಕೂಗಿದಳು. ಮಾಯಿಗ ಹಲ್ಲು ಕಚ್ಚಿ ಮನೆಯನ್ನು ಒಂದು ಸುತ್ತು ಹಾಕಿದ. ಮತ್ತೆ ಅಂಗಳ, ಮತ್ತೆ ಹೊನ್ನಿ. ಚೆನ್ನಾಜಮ್ಮ ಮಗನ ಬೆನ್ನಿಗೆ ಗುದ್ದಿದಳು, ಅತ್ತಳು. ಕೂಗಿದರೂ ಅತ್ತರೂ ನಿಲ್ಲಿಸಬೇಡ ಅಂದವಳು ಇವಳೇ ಅಲ್ಲವೇ? ಅಮ್ಮನ ತಲೆ ಮುಟ್ಟಿ ಆಣೆ ಮಾಡಿದ ಮಗ ಅವನು. ಅವನ ಕಣ್ಣಲ್ಲೂ ನೀರು, ಆದರೂ ನಿಲ್ಲಿಸಲಿಲ್ಲ. ಮನೆಯ ಸುತ್ತ ಗಾಡಿ ಗಾಣದೆತ್ತಿನ ಹಾಗೆ ಸುತ್ತಿತು.

ಎಷ್ಟೋ ಸುತ್ತಾದ ಮೇಲೆ ಚೆನ್ನಾಜಮ್ಮ ಗುದ್ದುವುದನ್ನು ಬಿಟ್ಟಳು. ಸಿಕ್ಕಿದ್ದು ಇಷ್ಟೇ ಅಂತಾದರೆ ಇಷ್ಟನ್ನೂ ಯಾಕೆ ಕಳೆದುಕೊಳ್ಳಬೇಕು? ಅಂಗಳ ಬಂದಾಗಲೆಲ್ಲ ತಂಗಿಗೆ ಕಾಣುವಂತೆ ತುಟಿ ಬಿಡಿಸಿ ಬಿಡಿಸಿ ಮಾತಾಡಿದಳು. ಒಂದು ಸುತ್ತಿಗೆ ಒಂದು ಮಾತು.

"ಹೆಂಗಿದ್ದೀಯೆ?"

"ಚೆನ್ನಾಗಿವ್ನಿ ಕಣಕ್ಕ. ಇಳಿಯೇ."

"ಇವ್ನು ನಿಲ್ಲಿಸಾಕಿಲ್ಲ ಕಣೆ. ನಿನ್ ಯಜಮಾನ್ರು?"

"ಈಗ ಎದ್ದು ಕೂರ್ತಾರೆ. ತಲೆಯೆಲ್ಲ ನರೆತೋಯ್ತಲ್ಲೇ ನಿಂದು."

"ನಿಂದೇನು ಕಮ್ಮಿಯಾ?"

ಇದಕ್ಕೆ ಇಬ್ಬರೂ ನಕ್ಕರು, ಹೊನ್ನಿ ಅಂಗಳದಲ್ಲಿ, ಚೆನ್ನಾಜಮ್ಮ ಮನೆಯ ಹಿಂದೆ. ಮುಂದಿನ ಸುತ್ತಿನಲ್ಲಿ ಡಬ್ಬಿ ಕೊಟ್ಟಳು. ಹೊನ್ನಿ ಓಡಿ ಬಂದು ಅದನ್ನು ಇಸಿದುಕೊಳ್ಳುವಾಗ ಬೆರಳಿಗೆ ಬೆರಳು ತಾಗಿತು, ತಂಗಿಯ ಬೆರಳು ಹುಣಸೆಹಣ್ಣಿನಿಂದ ಅಂಟುಅಂಟಾಗಿತ್ತು. ಮುಂದಿನ ಸುತ್ತಿಗೆ ಬಾಚಣಿಗೆ ಕೊಡೋಣವೆಂದು ಸೊಂಟಕ್ಕೆ ಕೈ ಹಾಕಿದಳು. ಅಷ್ಟರಲ್ಲಿ ಸೈರನ್ ಕೂಗಿತು. ಹೊನ್ನಿಗೆ ಕೇಳಿಸಲಿಲ್ಲ, ಮಾಯಿಗನಿಗೆ ಕೇಳಿಸಿತು. ಸೈರನ್ ಕೂಗಿದ ಕೂಡಲೇ ಮನೆ ಸೇರಬೇಕು ಅಂತ ಸಾರಿದ್ದಾರೆ. ಅವನು ಗಾಡಿಯನ್ನು ಹೊಳೆಯತ್ತ ತಿರುಗಿಸಿಯೇಬಿಟ್ಟ. ಹೊನ್ನಿ ಡಬ್ಬಿ ಎದೆಗೊತ್ತಿಕೊಂಡು ಮರಳಿನ ಮೇಲೆ ಒಂದಷ್ಟು ದೂರ ಓಡಿ ಬಂದಳು, ಆಮೇಲೆ ನಿಂತಳು. ಚೆನ್ನಾಜಮ್ಮ ಹಿಂದೆ ತಿರುಗಿಯೇ ಕೂತು ಈಚೆ ದಡ ಮುಟ್ಟಿದಳು.

ಮನೆ ಬಾಗಿಲಲ್ಲಿ ಗಾಡಿ ನಿಂತಿತು. ಇಳಿದಳು. ಬಾಚಣಿಗೆ ಇನ್ನೂ ಸೊಂಟದಲ್ಲೇ ಇತ್ತು. ಆಗ ಅವಳಿಗೆ ತಡೆಯಲಾಗಲಿಲ್ಲ.

"ಅಯ್ಯೋ ನನ್ನಪ್ಪ, ಗಾಡಿ ನಿಲ್ಲಿಸ್ಬೇಕಾಗಿದ್ದು ಇಲ್ಲಲ್ಲ ಕಣ್ಲಾ. ಚಿಕ್ಕವ್ವನ್ ಬಾಗ್ಲಲ್ಲಿ ನಿಲ್ಲಿಸ್ಬೇಕಾಗಿತ್ತು."

ಮಾಯಿಗ ಅಮ್ಮನ ಮುಖ ನೋಡಿದ. ಆಗಲಿ ಕಣವ್ವ ಅಂದ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ನೋಡುವಷ್ಟರಲ್ಲಿ ಗಾಡಿ ಮರಳಿಗೆ ಇಳಿದಾಗಿತ್ತು.

ಚೆನ್ನಾಜಮ್ಮ ಮಂಡಿಗಳನ್ನು ಮರೆತು ದಡಕ್ಕೆ ಓಡಿದಳು. ಕೂಗಿದಳು, ಯಾರಿಗೆ ಕೇಳಬೇಕು? ಕೆಂಪು ಗಾಡಿ ಸಣ್ಣದಾಗುತ್ತ ಹೋಗಿ ಹೊನ್ನಿಯ ಬಾಗಿಲಲ್ಲಿ ನಿಂತಿತು. ಸದ್ಯ, ಅಲ್ಲೇ ಇರಲಿ, ನೀರಿಳಿಯುವವರೆಗೆ ಚಿಕ್ಕವ್ವನ ಮನೆಯಲ್ಲೇ ಉಂಡುಕೊಂಡಿರಲಿ ಅಂತ ಅವಳು ದೇವರಿಗೆ ಕೈ ಮುಗಿದಳು. ಆದರೆ ಮಾಯಿಗ ನಡೆದು ವಾಪಸು ಬರುತ್ತಿದ್ದ. ಅಮ್ಮ ಗಾಡಿ ನಿಲ್ಲಿಸು ಅಂದಿದ್ದಳೇ ಹೊರತು ಇರು ಅಂದಿರಲಿಲ್ಲ. ಸೈರನ್ನಿನವರು ಮನೆ ಸೇರಿ ಅಂದಿದ್ದರು. ಅವನು ನಡು ಹೊಳೆಗೆ ಬರುವಾಗ ಮೇಲಿನಿಂದ ಹೊಸ ನೀರು ಬಂತು. ಮೊದಲು ಮೊಣಕಾಲು, ಆಮೇಲೆ ಸೊಂಟ, ಆಮೇಲೆ ತಲೆಯೊಂದೇ ಕಾಣುತ್ತಿತ್ತು. ತಂಗಿಗಾಗಿ ಹಂಬಲಿಸಿದ ಚೆನ್ನಾಜಮ್ಮ ಆ ಹೊತ್ತಿನಲ್ಲಿ ತಂಗಿಯನ್ನು ಮರೆತಳು. ನನ್ನ ಮಗನನ್ನು ಕೊಡು, ಬೇರೇನೂ ಕೇಳುವುದಿಲ್ಲ ಅಂತ ಹೊಳೆಯೊಂದಿಗೆ ಮಾತಾಡಿದಳು. ಅಂಬಿಗನ ಮಗ, ಈಜಿ ದಡಕ್ಕೆ ಬಿದ್ದ. ನೀರು ತೊಟ್ಟಿಕ್ಕಿಸುತ್ತ ಅಮ್ಮನ ಮುಂದೆ ನಿಂತು, ನಿಲ್ಲಿಸಿ ಬಂದೆ ಕಣವ್ವ ಅಂದ. ಅವಳು ಅವನನ್ನು ಬಾಚಿ ತಬ್ಬಿಕೊಂಡಳು. ಬೈಯಲಿಲ್ಲ.

ಈಗ ಹೊಳೆ ತುಂಬಿ ಹರಿಯುತ್ತಿದೆ. ಕೆಂಪು ಗಾಡಿ ಆಚೆ ದಡದಲ್ಲಿ ಹೊನ್ನಿಯ ಬಾಗಿಲಲ್ಲೇ ಇದೆ. ಬಿಸಿಲು ಬಂದ ದಿನ ಹೊನ್ನಿ ಅದರ ಮೇಲೆ ಸೀರೆ ಒಣಹಾಕುತ್ತಾಳೆ, ಹಸಿರು ಸೀರೆಯೋ ಹಳದಿಯೋ ಅಂತ ಚೆನ್ನಾಜಮ್ಮನಿಗೆ ಇಲ್ಲಿಂದಲೇ ತಿಳಿಯುತ್ತದೆ. ಚಾವಿಯನ್ನೂ ಮಾಯಿಗ ಅದರಲ್ಲೇ ಬಿಟ್ಟು ಬಂದಿದ್ದ. ಸಂಜೆಯಾದರೆ ಹೊನ್ನಿ ಗಾಡಿ ಹತ್ತಿ ಕೂತು ಹಾರನ್ ಒತ್ತುತ್ತಾಳೆ. ತನಗೆ ಕೇಳಿಸುವುದಿಲ್ಲವಾದ್ದರಿಂದ ಅಕ್ಕನಿಗೂ ಕೇಳಿಸಲಿಲ್ಲವೇನೋ ಅಂತ ಬಿಡದೆ ಒತ್ತುತ್ತಾಳೆ. ಬ್ಯಾಟರಿ ಇಳಿದು, ದಿನ ಹೋದಂತೆ ಆ ಸದ್ದು ಸಣ್ಣಗಾಗುತ್ತಿದೆ. ಚೆನ್ನಾಜಮ್ಮ ದಡದಲ್ಲಿ ಕೂತು, ಬಾಚಣಿಗೆಯನ್ನು ಕೈಯಲ್ಲಿ ತಿರುಗಿಸುತ್ತ, ಕೇಳಿಸ್ತು ಕಣೆ, ಕೇಳಿಸ್ತು ಅನ್ನುತ್ತಾಳೆ.

ಪಕ್ಕದಲ್ಲಿ ಮಾಯಿಗನೂ ಕೂತಿರುತ್ತಾನೆ. ನಿನ್ನೆ ಸಂಜೆ ಅವನು ಬಹಳ ಹೊತ್ತು ಆಚೆ ದಡವನ್ನೇ ನೋಡಿ, ಸಂತೋಷ ತಡೆಯಲಾರದೆ ಹೇಳಿದ:

"ಅವ್ವಾ, ಎಂಥಾ ಕೂಲರ್ ಆರಿಸಿ ತಂದಿದ್ದೀನಿ ನೋಡು. ಅವತ್ತಿಂದ ಗಾಡಿ ಒಂದಿನಾನೂ ಬಿಸಿಯಾಗಿಲ್ಲ."

ಚೆನ್ನಾಜಮ್ಮ ಹೊಳೆ ನೋಡಿದಳು, ಮಗನನ್ನು ನೋಡಿದಳು. ಹತ್ತಿರ ಬಾ ಅಂದು, ತಂಗಿಯ ತಲೆಗೆಂದು ಇಟ್ಟುಕೊಂಡಿದ್ದ ಬಾಚಣಿಗೆಯಲ್ಲಿ ಅವನ ತಲೆ ಬಾಚತೊಡಗಿದಳು. ಅಲುಗಬೇಡ ಅಂದಳು. ಕತ್ತಲಾಯಿತು, ಬಾಚಿ ಮುಗಿಯಿತು, ಅವಳು ಎದ್ದು ಮನೆಗೆ ಹೋಗಿ ಒಲೆ ಹಚ್ಚಿದಳು. ಮಾಯಿಗ ಇನ್ನೂ ಅಲ್ಲೇ ಕೂತಿದ್ದಾನೆ.